ಗೋಡೆಯಾಚೆ ಬೆಂದ ಸಿಹಿಗುಂಬಳ

ನನ್ನ ಮೊದಲ ಮಗಳಿಗೆ ಊಟದ ರುಚಿ ಹತ್ತಿಸಿದ್ದು ನಾನಲ್ಲ, ಪಕ್ಕದ ಮನೆಯವರು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಯಜಮಾನರಿಗೆ ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸ. ಮುಳಬಾಗಿಲಿನ ತುಂಬಿದ ಮನೆಯಲ್ಲಿ ಬೆಳೆದ ನನಗೆ ಆ ಊರಿನ ಬಾಡಿಗೆ ಮನೆ ಮೊದಮೊದಲು ಬಿಕೋ ಅನ್ನುತ್ತಿತ್ತು. ಮನೆಯ ಮಾಲೀಕರು ತಮ್ಮ ಹಳೆಯ ಮನೆಗೆ ನಡುವೆ ಗೋಡೆ ಎತ್ತಿ ಎರಡು ಮಾಡಿದ್ದರು. ಹಿತ್ತಿಲು ಒಂದೇ, ಬಾವಿ ಒಂದೇ. ಎರಡು ಅಡುಗೆಮನೆಗಳ ನಡುವೆ ಹಿಂದಿನ ಕಾಲದ ಒಂದು ಬಾಗಿಲು ಹಾಗೇ ಉಳಿದಿತ್ತು. ಅದಕ್ಕೆ ಎರಡೂ ಕಡೆ ಚಿಲಕ. ನಾವು ಹೋದ ದಿನ ಆ ಬಾಗಿಲನ್ನು ತಳ್ಳಿಕೊಂಡು ಒಂದು ಚೊಂಬು ಮಜ್ಜಿಗೆ ಹಿಡಿದು ಬಂದವರೇ ಪಕ್ಕದ ಮನೆಯ ಅಕ್ಕ.

ಅಕ್ಕ ನನಗಿಂತ ಏಳೆಂಟು ವರ್ಷ ದೊಡ್ಡವರು. ತವರು ರಾಯಲ್ಪಾಡಿನ ಕಡೆ. ಮನೆಯಲ್ಲಿ ತೆಲುಗು, ನನ್ನ ಜೊತೆ ತೆಲುಗಿನ ರಾಗದ ಕನ್ನಡ. ಅವರ ಗಂಡ ರೇಷ್ಮೆ ಇಲಾಖೆಯ ಆಫೀಸಿನಲ್ಲಿ ಗುಮಾಸ್ತರು. ಮಕ್ಕಳಿರಲಿಲ್ಲ. ಆ ವಿಷಯವನ್ನು ಅವರಾಗಿ ಎತ್ತುತ್ತಿರಲಿಲ್ಲ, ನಾನೂ ಕೇಳಲಿಲ್ಲ. ತವರಿನಿಂದ ಬಸ್ಸಿನ ಮೇಲೆ ಹಾಕಿ ಕಳಿಸಿದ ಸಿಹಿಗುಂಬಳಕಾಯಿಗಳು ಅವರ ಮಂಚದ ಕೆಳಗೆ ವರ್ಷವಿಡೀ ಉರುಳಿಕೊಂಡಿರುತ್ತಿದ್ದವು. ಇನ್ನೊಂದು ವಸ್ತು ಇತ್ತು, ಆ ಬೀದಿಯಲ್ಲಿ ಬೇರೆ ಯಾರ ಮನೆಯಲ್ಲೂ ಇರದಿದ್ದದ್ದು. ಬೆಂಗಳೂರಿನ ಕಾರ್ಖಾನೆಯಲ್ಲಿದ್ದ ಅವರ ತಮ್ಮ ತಂದುಕೊಟ್ಟ ಪ್ರೆಷರ್ ಕುಕ್ಕರ್.

ಅದು ಕೂಗಿದಾಗ ಬೀದಿಯ ಮುದುಕಿಯರು ಬೆಚ್ಚಿಬೀಳುತ್ತಿದ್ದರು. ಒಂದು ದಿನ ಸಿಡಿದು ಸೂರು ಹಾರಿಸುತ್ತದೆ ಎಂದು ಎದುರು ಮನೆಯಜ್ಜಿ ಭವಿಷ್ಯ ನುಡಿದಿದ್ದರು. ನನ್ನ ಮಗಳು ಮಾತ್ರ ತೊಟ್ಟಿಲಲ್ಲಿದ್ದಾಗಲೇ ಆ ಕೂಗಿಗೆ ಕೈಕಾಲು ಬಡಿದು ನಗುತ್ತಿದ್ದಳು.

ಅವಳಿಗೆ ಏಳೆಂಟು ತಿಂಗಳಾದಾಗ ನನ್ನ ಕಷ್ಟ ಶುರುವಾಯಿತು. ಹಾಲು ಬಿಟ್ಟು ಬೇರೆ ಏನನ್ನೂ ಬಾಯಿಗೆ ಸೇರಿಸುತ್ತಿರಲಿಲ್ಲ. ನಮ್ಮಮ್ಮ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಕಳಿಸಿದ್ದ ಹಿಟ್ಟಿನಿಂದ ರಾಗಿಸರಿ ಕಾಯಿಸಿದೆ, ಉಗುಳಿದಳು. ಅನ್ನವನ್ನು ನುಣ್ಣಗೆ ಹಿಸುಕಿ ತಿಳಿಸಾರು ಕಲಸಿದೆ, ತುಟಿ ಬಿಗಿದಳು. ತೊಡೆಯ ಮೇಲೆ ಮಲಗಿಸಿ, ಮೂಗು ಹಿಡಿದು ಮಗುವಿಗೆ ಹಾಲು ಕುಡಿಸುವ ಒಳಲೆಯಲ್ಲಿ ಹಾಕಿದರೆ ಅಷ್ಟನ್ನೂ ನನ್ನ ಸೀರೆಯ ಮೇಲೆ ಕಕ್ಕಿದಳು. ದಿನಾ ಹಗಲು ನಮ್ಮಿಬ್ಬರ ಅಳು ಗೋಡೆಯಾಚೆ ಕೇಳುತ್ತಿದ್ದಿರಬೇಕು.

ಒಂದು ಮಧ್ಯಾಹ್ನ ಅಕ್ಕ ಬಂದು ಮಗುವನ್ನು ಎತ್ತಿಕೊಂಡು ಹೋದರು. ನಾನು ಒದ್ದೆ ಸೀರೆ ಬದಲಿಸಿ ಹಿಂದೆಯೇ ಹೋದೆ. ಅವರು ಆಗಷ್ಟೇ ಕುಕ್ಕರ್ ಇಳಿಸಿದ್ದರು. ಮೇಲಿನ ಡಬ್ಬಿಯಲ್ಲಿ ಸಿಹಿಗುಂಬಳದ ದಪ್ಪ ಹೋಳುಗಳು, ಸಿಪ್ಪೆ ಕೆಳಗಾಗಿ ಜೋಡಿಸಿದ್ದವು. ಡಬ್ಬಿಗೆ ಒಂದು ಹನಿ ನೀರೂ ಹಾಕಿರಲಿಲ್ಲ, ಬರೀ ಹಬೆಯಲ್ಲಿ ಬೆಂದದ್ದು. ಒಂದು ಹೋಳನ್ನು ಆರಿಸಿ, ತಿರುಳನ್ನು ಚಮಚದಲ್ಲಿ ಕೆರೆದು, ಬೆರಳ ತುದಿಯಲ್ಲಿ ತುಪ್ಪ ಸವರಿ ಮಗುವಿನ ತುಟಿಗಿಟ್ಟರು. ಮಗು ಒಂದು ಕ್ಷಣ ಯೋಚಿಸಿತು. ಆಮೇಲೆ ಬಾಯಿ ತೆರೆಯಿತು. ಮತ್ತೆ ತೆರೆಯಿತು. ಹೋಳು ಸಿಪ್ಪೆಯಾಗುವ ತನಕ ತೆರೆಯುತ್ತಲೇ ಇತ್ತು. ಗೋಡೆಗೊರಗಿ ಕಾಲು ಚಾಚಿ ಕೂತಿದ್ದ ಅಕ್ಕ ಒಂದೊಂದು ತುತ್ತಿಗೂ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು.

ಆ ಮಧ್ಯಾಹ್ನ ನನಗೆ ಆದದ್ದು ನಿಜವಾಗಿಯೂ ಸಂತೋಷವೇ. ಅವರ ಕಾಲಿಗೆ ಬೀಳೋಣ ಅನ್ನಿಸಿತ್ತು. ಹೊಟ್ಟೆಕಿಚ್ಚು ಬಂದದ್ದು ನಿಧಾನವಾಗಿ.

ಅದೇ ಕುಂಬಳದ ಅರ್ಧವನ್ನು ಅಕ್ಕ ನನಗೆ ಕೊಟ್ಟಿದ್ದರು. ಮರುದಿನ ಪಾತ್ರೆಯಲ್ಲಿ ನೀರಿಟ್ಟು ಬೇಯಿಸಿ, ಸೋಸಿ, ಹಿಸುಕಿ, ಅಷ್ಟೇ ತುಪ್ಪ ಹಾಕಿ ಕೊಟ್ಟೆ. ಮಗಳು ಮುಖ ತಿರುಗಿಸಿದಳು. ನೀರು ಕುಡಿದು ಸಪ್ಪೆಯಾದ ಕುಂಬಳ ಅದು ಎಂದು ನನಗೂ ಗೊತ್ತಾಯಿತು. ಅಷ್ಟರಲ್ಲಿ ಗೋಡೆಯಾಚೆ ಕುಕ್ಕರ್ ಕೂಗಿತು. ಮಗು ನನ್ನ ಮಡಿಲಿಂದ ಜಾರಿ, ಅಂಬೆಗಾಲಿಟ್ಟು, ನಡುವಿನ ಬಾಗಿಲಿನ ಹೊಸ್ತಿಲ ತನಕ ಹೋಗಿ ಕೂತು ಕೈ ಬಡಿಯಿತು.

ಆಮೇಲೆ ಇದೇ ದಿನಚರಿಯಾಯಿತು. ಕುಕ್ಕರ್ ಕೂಗಿದರೆ ಮಗಳು ಹೊರಟಳು. ಆಟದ ನಡುವಿದ್ದರೂ, ನನ್ನ ಎದೆಗೆ ಬಾಯಿ ಹಾಕಿದ್ದರೂ ಬಿಟ್ಟು ಹೊರಟಳು. ಕೆನ್ನೆ ತುಂಬಿಕೊಂಡವು, ತೊಡೆಗಳಲ್ಲಿ ಮಡಿಕೆ ಬಿದ್ದವು. ಯಜಮಾನರಿಗೆ ಖುಷಿ. ಮಗು ತಿಂದರೆ ಸಾಕಲ್ಲ, ಯಾರ ಕೈಯಿಂದಾದರೇನು ಎಂದು ಅವರ ವಾದ. ಗಂಡಸರಿಗೆ ಅದು ಹೊಟ್ಟೆಯ ವಿಷಯ ಅಷ್ಟೇ. ನಾನು ಒಲೆಯ ಮುಂದೆ ಕೂತು, ಆಚೆಯಿಂದ ಕೇಳುವ ಮಗುವಿನ ನಗುವಿಗೆ ಕಿವಿಗೊಟ್ಟು, ಹುರುಳಿಕಾಯಿ ಮುರಿಯುತ್ತಿದ್ದೆ. ನಾರು ಬಿಡಿಸದೆಯೇ ಪಲ್ಯ ಮಾಡಿ ಬೈಸಿಕೊಂಡದ್ದೂ ಉಂಟು.

ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಏನು ಬೇಕು ಎಂದು ಅಪ್ಪ ಕೇಳಿ ಕಳಿಸಿದರು. ಸೀರೆ ಬೇಡ, ಕುಕ್ಕರ್ ಬೇಕು ಅಂದೆ. ಬಾಗಿನದ ಮೊರದ ಜೊತೆಗೆ ಕುಕ್ಕರಿನ ಪೆಟ್ಟಿಗೆ ಹೊತ್ತು ಅಣ್ಣ ಬಸ್ಸಿಳಿದಾಗ ಬೀದಿಯೆಲ್ಲ ನೋಡಿತು. ನನಗೆ ಮದುವೆಯ ದಿನವೂ ಅಷ್ಟು ಹೆಮ್ಮೆಯಾಗಿರಲಿಲ್ಲ.

ಅಕ್ಕನೇ ಬಂದು ಎಲ್ಲ ತೋರಿಸಿಕೊಟ್ಟರು. ತಳದ ನೀರಿಗೆ ಒಂದಿಷ್ಟು ಹುಣಸೆ ಸಿಪ್ಪೆ ಹಾಕಿದರೆ ಒಳಗಡೆ ಕಪ್ಪಾಗುವುದಿಲ್ಲ, ರಬ್ಬರನ್ನು ತೊಳೆದು ನೆರಳಲ್ಲಿ ಒಣಗಿಸಬೇಕು, ಹಬೆ ಹೋಗುವ ತನಕ ಮುಚ್ಚಳಕ್ಕೆ ಕೈ ಹಚ್ಚಬಾರದು. ಯಾವುದನ್ನೂ ಬಚ್ಚಿಡಲಿಲ್ಲ. ಬಚ್ಚಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಅವರು ಹೇಳಿದ ಹಾಗೆಯೇ ಸಿಪ್ಪೆ ಕೆಳಗೆ ಮಾಡಿ ಹೋಳು ಜೋಡಿಸಿದೆ. ನನ್ನ ಕುಕ್ಕರ್ ಕೂಗಿತು. ಮಗಳು ಎದ್ದಳು, ಆಗ ತಾನೇ ಹೆಜ್ಜೆ ಇಡಲು ಕಲಿತಿದ್ದಳು. ನನ್ನ ಮುಂದೆಯೇ ಓಲಾಡುತ್ತಾ ದಾಟಿ ನಡುವಿನ ಬಾಗಿಲಿಗೆ ಹೋಗಿ, ಆಚೆಯ ಅಡುಗೆಮನೆಯನ್ನು ನೋಡುತ್ತಾ ನಿಂತಳು. ಅವಳಿಗೆ ಕೂಗು ಎಂದರೆ ಅಕ್ಕ.

ಹಿಡಿದು ತಂದು ತುತ್ತು ಇಟ್ಟೆ. ಬಣ್ಣ ಅದೇ, ರುಚಿ ಅದೇ, ನಾನೇ ತಿಂದು ನೋಡಿದ್ದೆ. ಎರಡು ತುತ್ತು ನುಂಗಿ ಕೈಯಿಂದ ತಳ್ಳಿದಳು.

ಹೀಗಿರುವಾಗ ಮಾತು ಬಂತು. ಅಕ್ಕ ಅವಳಿಗೆ ತಮ್ಮನ್ನು ಪೆದ್ದಮ್ಮ ಎಂದು ಕರೆಯಲು ಹೇಳಿಕೊಟ್ಟಿದ್ದರು. ತೆಲುಗಿನಲ್ಲಿ ಅದು ದೊಡ್ಡಮ್ಮ. ಕನ್ನಡದ ಕಿವಿಗೆ ಪೆದ್ದು ಅಮ್ಮ ಎಂದು ಕೇಳುವುದರಿಂದ ನನಗೆ ಒಳಗೊಳಗೇ ಸ್ವಲ್ಪ ಹಿತವೂ ಆಗಿತ್ತು. ಆದರೆ ಮಗಳ ನಾಲಿಗೆ 'ಪೆದ್ದ'ಕ್ಕೆ ಹೊರಳಲಿಲ್ಲ. ಅದನ್ನು ಬಿಟ್ಟು ಕೊನೆಯ 'ಅಮ್ಮ' ಒಂದನ್ನೇ ಇಟ್ಟುಕೊಂಡಳು. ಒಂದು ಬೆಳಿಗ್ಗೆ ನಾನು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಹಿತ್ತಿಲ ಬಾಗಿಲಲ್ಲಿ ಅಕ್ಕ ಬಂದು ನಿಂತರು. ಮಗಳು ನನ್ನ ಪಕ್ಕದಿಂದ ಎದ್ದು ಎರಡೂ ಕೈ ಚಾಚಿ, "ಅಮ್ಮಾ" ಎಂದು ಕೂಗಿಕೊಂಡು ಅವರ ಕಡೆ ಹೋದಳು. ಅಕ್ಕ ಎತ್ತಿಕೊಂಡರು. ತಿದ್ದಲಿಲ್ಲ. ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡು ಒಳಗೆ ಹೋದರು.

ನಾನು ಹಿಂಡಿದ ಬಟ್ಟೆಯನ್ನು ಹಾಗೇ ಕಲ್ಲಿನ ಮೇಲೆ ಬಿಟ್ಟು ಹೋಗಿ ಮಗುವನ್ನು ಕರೆದುಕೊಂಡು ಬಂದೆ. ಸ್ನಾನ ಮಾಡಿಸಬೇಕು ಎಂದು ಏನೋ ನೆಪ ಹೇಳಿದೆ. ಬಂದವಳೇ ನಡುವಿನ ಬಾಗಿಲನ್ನು ಎಳೆದು ನಮ್ಮ ಕಡೆಯ ಚಿಲಕ ಹಾಕಿದೆ. ಆ ಚಿಲಕ ತುಕ್ಕು ಹಿಡಿದಿತ್ತು. ಕಲ್ಲಿನಿಂದ ಬಡಿದು ಕೂರಿಸಬೇಕಾಯಿತು. ಆ ಸದ್ದು ಆಚೆ ಕೇಳದೆ ಇರಲು ಸಾಧ್ಯವೇ ಇರಲಿಲ್ಲ.

ಅಕ್ಕ ಬಾಗಿಲು ತಟ್ಟಲಿಲ್ಲ. ಸಂಜೆ ಬಾವಿಯ ಹತ್ತಿರ ಸಿಕ್ಕಾಗ ಎಂದಿನಂತೆ ಮಾತಾಡಿಸಿದರು, ಬಾಗಿಲಿನ ವಿಷಯ ಎತ್ತಲಿಲ್ಲ. ಯಜಮಾನರು ಕೇಳಿದರು. ಇಲಿ ಬರುತ್ತಿದೆ ಅಂದೆ.

ನಾನು ದಿನಾ ಕುಕ್ಕರ್ ಇಟ್ಟೆ. ಅದು ಕೂಗುವುದು, ಮಗಳು ಮುಚ್ಚಿದ ಬಾಗಿಲಿಗೆ ಹೋಗಿ ಅಂಗೈ ಬಡಿದು ಅಳುವುದು, ನಾನು ಎಳೆದು ತರುವುದು. ನಾಲ್ಕು ದಿನ ಅತ್ತು ಸುಮ್ಮನಾಗುತ್ತಾಳೆ ಎಂದುಕೊಂಡಿದ್ದೆ. ಊಟ ಕಮ್ಮಿಯಾಯಿತು. ಹಾಗೆಂದು ಪೂರ್ತಿ ಬಿಡಲೂ ಇಲ್ಲ, ಹಸಿವಾದಾಗ ನನ್ನ ಕೈಯಿಂದಲೇ ಗಬಗಬ ತಿಂದು ಮುಗಿಸುತ್ತಿದ್ದಳು. ಪರೀಕ್ಷೆಗೆ ಕೂತವರ ಹಾಗೆ ತಿನ್ನುತ್ತಿದ್ದಳು.

ಹೀಗೆ ಒಂದು ವಾರವೋ ಹತ್ತು ದಿನವೋ ಕಳೆದಿರಬೇಕು. ಒಂದು ಭಾನುವಾರ ಅಕ್ಕನ ಗಂಡ ಹಿತ್ತಿಲಲ್ಲಿ ಕೂತು ನಮ್ಮ ಯಜಮಾನರ ಜೊತೆ ಮಾತಾಡುತ್ತಿದ್ದರು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಈಚೆಗೆ ತಮಗೆ ಊಟ ತಡವಾಗುತ್ತಿದೆ, ಆಫೀಸಿಗೆ ಒಂದೊಂದು ದಿನ ಅರ್ಧ ಹೊಟ್ಟೆಯಲ್ಲಿ ಓಡುತ್ತೇನೆ ಎಂದು ಅವರು ನಗುತ್ತಾ ದೂರುತ್ತಿದ್ದರು. ಕುಕ್ಕರ್ ಕೆಟ್ಟಿದೆಯಾ ಎಂದು ಇವರು ಕೇಳಿದರು.

"ಕೆಟ್ಟಿಲ್ಲ ಮೇಷ್ಟ್ರೇ, ಅಟ್ಟದ ಮೇಲೆ ಇಟ್ಟವ್ಳೆ. ಕೂಗಿದ್ರೆ ಪಾಪು ಬಾಗಿಲ ಹತ್ರ ಬಂದು ಅಳುತ್ತಂತೆ. ಅದಕ್ಕೆ ಪಾತ್ರೇಲೇ ಬೇಯಿಸ್ತಾಳೆ."

ನಾನು ಮೊರ ಕೆಳಗಿಟ್ಟೆ. ಹೌದು, ಆಚೆ ಕಡೆಯಿಂದ ಕೂಗು ಕೇಳಿ ದಿನಗಳಾಗಿದ್ದವು. ನನ್ನ ಕುಕ್ಕರಿನ ಸದ್ದಿನಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಇದನ್ನು ಕೇಳಿದ ಮೇಲೆ ನನ್ನ ಮನಸ್ಸು ಕರಗಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಆದರೆ ಆದದ್ದು ಹಾಗಲ್ಲ. ನನಗೆ ಮೈ ಉರಿದುಹೋಯಿತು. ಮಗು ಅಳಬಾರದು ಎಂದು ನನಗಿಂತ ಮೊದಲು ಅವರಿಗೆ ಹೊಳೆದಿತ್ತು. ಇಷ್ಟು ದಿನ ತುತ್ತಿನಲ್ಲಿ ಗೆದ್ದಿದ್ದರು, ಈಗ ಇದರಲ್ಲೂ ಗೆದ್ದರು. ಅದೂ ಬಾಗಿಲಾಚೆ ಕೂತು, ನನಗೆ ಹೇಳದೆ. ಎದುರಿಗೆ ಬಂದು ಜಗಳವಾಡಿದ್ದರೆ ಎರಡು ಮಾತು ನಾನೂ ಆಡುತ್ತಿದ್ದೆ.

ಗಂಡಸರು ಎದ್ದು ಹೋಗುವ ತನಕ ಕಾದೆ. ಆಮೇಲೆ ಚಿಲಕವನ್ನು ಮತ್ತೆ ಕಲ್ಲಿನಿಂದ ಬಡಿದು ತೆಗೆದೆ. ಅವರ ಕಡೆಯ ಚಿಲಕ ಹಾಕಿರುತ್ತದೆ, ಕೂಗಬೇಕಾಗುತ್ತದೆ ಎಂದುಕೊಂಡಿದ್ದೆ. ತಳ್ಳಿದೊಡನೆ ಬಾಗಿಲು ತೆರೆಯಿತು. ಅಕ್ಕ ಒಲೆಯ ಮುಂದೆ ಕೂತು ಅನ್ನದ ಗಂಜಿ ಬಸಿಯುತ್ತಿದ್ದರು.

"ಅಕ್ಕ, ನಾಳೆಯಿಂದ ಕುಕ್ಕರ್ ಇಡಿ," ಅಂದೆ. "ನೀವು ಹೀಗೆ ಮಾಡಿದ್ರೆ ನಾನು ಕೆಟ್ಟೋಳಾಗ್ತೀನಿ."

"ನೀನು ಕೆಟ್ಟೋಳು ಅಂತ ನಾನು ಯಾರ ಹತ್ರ ಅಂದೆ?"

"ಯಾರ ಹತ್ರಾನೂ ಅನ್ಲಿಲ್ಲ. ಅದೇ ನಂಗೆ ಆಗ್ತಿಲ್ಲ."

ಅವರು ಗಂಜಿಯ ಪಾತ್ರೆಯನ್ನು ಪಕ್ಕಕ್ಕಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡರು. ಆಮೇಲೆ, ನನ್ನ ಮುಖ ನೋಡದೆ, ಕೇಳಿದರು.

"ಅವಳು ಅಮ್ಮ ಅಂದಾಗ ನಾನು ಯಾಕೆ ತಿದ್ದಲಿಲ್ಲ ಅಂತ ತಾನೇ ನಿನಗೆ ಕೋಪ?"

ನಾನು ಹೊಸ್ತಿಲ ಮೇಲೆಯೇ ಕೂತೆ.

"ತಿದ್ದಬೇಕು ಅಂತಾನೇ ಇದ್ದೆ ಕಣೇ. ಇನ್ನೊಂದು ಸಲ ಅನ್ಲಿ, ಆಮೇಲೆ ತಿದ್ದೋಣ ಅಂತ ಬಿಟ್ಟೆ. ದಿನಾ ಹಂಗೇ ಬಿಟ್ಟೆ."

ನನ್ನ ಹಿಂದೆಯೇ ನಡೆದುಬಂದಿದ್ದ ಮಗಳು ಆಗಲೇ ಅವರ ಮಡಿಲಲ್ಲಿ ಕೂತು, ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಕೆಳಕ್ಕೆ ಮಾಡುತ್ತಿದ್ದಳು. ಮರುದಿನದಿಂದ ಅವರು ತಿದ್ದತೊಡಗಿದರು. ಅಮ್ಮ ಅಂದಾಗಲೆಲ್ಲ ನನ್ನ ಕಡೆ ಬೆರಳು ತೋರಿಸಿ, "ಅಮ್ಮ ಅಲ್ಲಿ. ನಾನು ಪೆದ್ದಮ್ಮ," ಎನ್ನುವರು. ನಾಲಿಗೆ ಹೊರಳುವ ಹೊತ್ತಿಗೆ ಮಗಳು ಸರಿಯಾಗಿಯೇ ಕಲಿತಳು. ಕುಂಬಳ ಅವರ ಕುಕ್ಕರಿನಲ್ಲೇ ಬೇಯುವುದು, ನಾನು ಅವರ ಅಡುಗೆಮನೆಯಲ್ಲಿ ಕೂತು ತಿನ್ನಿಸುವುದು ಎಂದು ನಾವಿಬ್ಬರೂ ಮಾತಿಲ್ಲದೆ ಒಪ್ಪಂದಕ್ಕೆ ಬಂದೆವು. ನನ್ನ ಕೈತುತ್ತು ತಿನ್ನುವಾಗಲೂ ಅವಳ ಕಣ್ಣು ಅವರ ಮೇಲೆಯೇ ಇರುತ್ತಿತ್ತು. ಅದನ್ನು ನೋಡದವಳ ಹಾಗೆ ಇರುವುದನ್ನು ನಾನು ಅಭ್ಯಾಸ ಮಾಡಿಕೊಂಡೆ.

ಅವಳಿಗೆ ಮೂರು ತುಂಬುವ ಹೊತ್ತಿಗೆ ನಾನು ಮತ್ತೆ ಬಸುರಿಯಾದೆ. ಈ ಸಲ ವಾಂತಿ ನನ್ನನ್ನು ಹಾಸಿಗೆಗೆ ಅಂಟಿಸಿಬಿಟ್ಟಿತು. ಒಗ್ಗರಣೆಯ ವಾಸನೆ ಆಗದು, ಮಗಳ ತಲೆಯ ಎಣ್ಣೆಯ ವಾಸನೆಯೂ ಆಗದು. ಬೇರೆ ದಾರಿಯಿಲ್ಲದೆ ಅವಳು ಗೋಡೆಯಾಚೆಗೆ ಹೋದಳು. ಅಲ್ಲೇ ಊಟ, ಅಲ್ಲೇ ನಿದ್ದೆ. ಬೆಳಿಗ್ಗೆ ಎರಡು ಜಡೆ ಹಾಕಿಸಿಕೊಂಡು, ಕಾಡಿಗೆ ತೀಡಿಸಿಕೊಂಡು ನನ್ನನ್ನು ನೋಡಲು ಬರುತ್ತಿದ್ದಳು, ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಲು ಬಂದವರ ಹಾಗೆ. ಬಾಯಿ ತೆರೆದರೆ ತೆಲುಗು.

ನನ್ನ ಆರೈಕೆಗೆಂದು ಊರಿನಿಂದ ಅತ್ತೆ ಬಂದರು. ಒಂದು ದಿನ ಎಲ್ಲರೂ ನಡುಮನೆಯಲ್ಲಿ ಕೂತಿದ್ದಾಗ, ಅಕ್ಕನ ಹೆಗಲ ಮೇಲೆ ಒರಗಿದ್ದ ಮಗಳನ್ನು ನೋಡಿ ಅವರು ನಗುತ್ತಾ ಅಂದರು:

"ಇವಳನ್ನ ಇವರಿಗೇ ಕೊಟ್ಬಿಡೇ. ನಿಂಗೆ ಹೆಂಗೂ ಇನ್ನೊಂದು ಬರ್ತೈತಲ್ಲ."

ತಮಾಷೆಯ ಮಾತು. ಹಳ್ಳಿಯ ಕಡೆ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ನಾನು ಮಲಗಿದ್ದಲ್ಲಿಂದಲೇ ಅಕ್ಕನ ಮುಖ ನೋಡಿದೆ. ಮಗಳ ಬೆನ್ನು ಸವರುತ್ತಿದ್ದ ಅವರ ಕೈ ನಿಂತಿತು. ಅವರ ಮುಖದಲ್ಲಿ ಆಸೆ ಎಷ್ಟು ಬಯಲಾಗಿ ಎದ್ದು ನಿಂತಿತೆಂದರೆ, ನಾನೇ ಕಣ್ಣು ಬೇರೆ ಕಡೆ ತಿರುಗಿಸಬೇಕಾಯಿತು. ಮರುಕ್ಷಣ ಅವರು ಮಗುವನ್ನು ಕೆಳಗಿಳಿಸಿ, ಹಾಲು ಉಕ್ಕುತ್ತದೆ ಎಂದು ಎದ್ದು ಹೋದರು. ಆ ರಾತ್ರಿಯಿಂದ ಮಗಳನ್ನು ನನ್ನ ಪಕ್ಕದಲ್ಲೇ ಮಲಗಿಸಿಕೊಂಡೆ. ಎಣ್ಣೆಯ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ಮಗ ಹುಟ್ಟಿದ್ದು ಮುಳಬಾಗಿಲಿನಲ್ಲಿ. ಬಾಣಂತನಕ್ಕೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ನಾನು ಹಿಂದಿರುಗುವ ಹೊತ್ತಿಗೆ ಅಕ್ಕನ ಗಂಡನಿಗೆ ಮಾಲೂರಿಗೆ ವರ್ಗದ ಆರ್ಡರ್ ಬಂದಿತ್ತು. ಅವರು ಹೋದದ್ದು ಮಾವಿನ ಸುಗ್ಗಿಯಲ್ಲಿ. ಹಣ್ಣಿನ ಲಾರಿಗಳ ನಡುವೆ ಸಾಮಾನಿನ ಲಾರಿ ಸಿಕ್ಕುವುದೇ ಕಷ್ಟವಾಗಿ ಮಧ್ಯಾಹ್ನವಾಯಿತು. ಮಗಳು ಅತ್ತು ರಂಪ ಮಾಡುತ್ತಾಳೆ, ಹೇಗೆ ಸಮಾಧಾನ ಮಾಡುವುದು ಎಂದು ನಾನು ಹಿಂದಿನ ದಿನದಿಂದ ತಯಾರಾಗಿದ್ದೆ. ಅವಳು ಜಗುಲಿಯಲ್ಲಿ ನಿಂತು ಮಾವಿನ ಓಟೆ ಚೀಪುತ್ತಾ ಟಾಟಾ ಮಾಡಿದಳು. ಲಾರಿ ತಿರುವಿನಲ್ಲಿ ಮರೆಯಾಗುವ ಮುಂಚೆಯೇ ಎದುರು ಮನೆಗೆ ಆಡಲು ಹೋದಳು.

ಅಕ್ಕ ಅದನ್ನು ನೋಡಿದರು. ನಾನು ಅವರು ನೋಡಿದ್ದನ್ನು ನೋಡಿದೆ. ಅಷ್ಟು ವರ್ಷ ನಾನು ಕಾದಿದ್ದ ಗೆಲುವು ಇದೇ ಇರಬೇಕು. ಅದು ಕೈಗೆ ಬಂದಾಗ ನನಗೆ ಮಗಳ ಬೆನ್ನಿಗೆ ಒಂದು ಬಾರಿಸೋಣ ಅನ್ನಿಸಿತು.

ಎಂಬತ್ತರ ದಶಕದ ನಡುವಿನಲ್ಲಿ, ನಾವು ಕೋಲಾರಕ್ಕೆ ಬಂದ ಮೇಲೆ, ಮಾಲೂರಿನಲ್ಲಿ ಒಂದು ಮದುವೆಗೆ ಹೋಗಬೇಕಾಯಿತು. ಅಕ್ಕನಿಗೆ ಆ ವಯಸ್ಸಿನಲ್ಲಿ ಗಂಡುಮಗುವಾಗಿದೆ ಎಂಬ ಸುದ್ದಿ ಅಷ್ಟರಲ್ಲಿ ಕಿವಿಗೆ ಬಿದ್ದಿತ್ತು. ಮಗಳಿಗೆ ಆಗ ಎಂಟೊಂಬತ್ತು ವರ್ಷ. ಮದುವೆ ಊಟ ಮುಗಿಸಿ ಅವಳ ಕೈ ಹಿಡಿದು, ಹೆಂಚಿನ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಕೇಳುತ್ತಾ ಕೇಳುತ್ತಾ ಅವರ ಮನೆ ಹುಡುಕಿದೆ.

ಬಾಗಿಲು ತೆಗೆದ ಅಕ್ಕ ನನ್ನನ್ನು ಮಾತಾಡಿಸುವುದನ್ನೂ ಮರೆತು ಮಗಳನ್ನೇ ನೋಡುತ್ತಾ ನಿಂತರು. ಮಗಳು ನಾಚಿ ನನ್ನ ಹಿಂದೆ ಸರಿದಳು. ಅವಳಿಗೆ ಏನೂ ನೆನಪಿರಲಿಲ್ಲ. ಕಾಫಿ ಬಂತು, ಹಳೆಯ ಮಾತುಗಳು ಬಂದವು. ಅಷ್ಟರಲ್ಲಿ ನಿದ್ದೆಯಿಂದೆದ್ದ ಮಗು ಅತ್ತಿತು. ಅಕ್ಕ ಒಳಗಿನಿಂದ ಎತ್ತಿಕೊಂಡು ಬಂದರು. ಎರಡು ವರ್ಷದ ಗುಂಡುಗುಂಡಾದ ಹುಡುಗ. ಗೋಡೆಗೆ ಒರಗಿ ಕೂತು, ಕಾಲು ಚಾಚಿ, ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊಸರನ್ನ ತಿನ್ನಿಸತೊಡಗಿದರು. ಪ್ರತಿ ತುತ್ತಿಗೂ ತಾವೂ ಬಾಯಿ ತೆರೆಯುತ್ತಿದ್ದರು. ಅವನು ತುತ್ತು ನುಂಗಿದಾಗ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಅದೇ ಕೂರುವ ರೀತಿ, ಅದೇ ತಲೆಯಾಡಿಸುವುದು.

ನನಗೆ ತಡೆಯಲಾಗದಷ್ಟು ಹೊಟ್ಟೆಕಿಚ್ಚಾಯಿತು. ಈ ಸಲ ನನಗಾಗಿ ಅಲ್ಲ, ನನ್ನ ಮಗಳ ಪರವಾಗಿ. ಆ ತೊಡೆ ಅವಳದು, ಆ ತಲೆಯಾಡಿಸುವುದು ಅವಳಿಗೆ ಸೇರಿದ್ದು, ಈ ಹುಡುಗ ಯಾರು ಅನ್ನಿಸಿತು. ಅವಳಾದರೋ ಏನೂ ಗೊತ್ತಿಲ್ಲದೆ, ಅತಿಥಿಯ ಹಾಗೆ ಚಾಪೆಯ ಅಂಚಿನಲ್ಲಿ ಕೂತು ಚಕ್ಕುಲಿ ಮುರಿಯುತ್ತಿದ್ದಳು.

ಹೊರಡುವಾಗ ಬಸ್ ಸ್ಟ್ಯಾಂಡಿನ ತನಕ ಅಕ್ಕ ಬಂದರು, ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು. ಏನೋ ಕೇಳಲು ಬಾಯಿ ತೆರೆದು ಮುಚ್ಚಿಕೊಂಡದ್ದನ್ನು ಕಂಡೆ. ಅವರು ಕೇಳಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ನಾನೇ ಕಿಟಕಿಯಿಂದ ಹೇಳಿಬಿಟ್ಟೆ:

"ಬೇಸಿಗೆ ರಜಕ್ಕೆ ಇವಳನ್ನ ಕಳಿಸ್ತೀನಿ ಅಕ್ಕ. ಸ್ವಲ್ಪ ದಿನ ಇಟ್ಕೊಳ್ಳಿ."

ಅವರು ತಲೆಯಾಡಿಸಿದರು, ಅಷ್ಟೇ. ಬಸ್ಸು ಕೋಲಾರದ ದಾರಿ ಹಿಡಿದ ಮೇಲೆ ಮಗಳು ಅವರು ಯಾರು, ತಾನ್ಯಾಕೆ ಅವರ ಮನೆಗೆ ಹೋಗಬೇಕು ಎಂದು ಕೇಳುತ್ತಲೇ ಇದ್ದಳು. ಚಿಕ್ಕವಳಿದ್ದಾಗ ನಿನ್ನನ್ನು ಸಾಕಿದವರು ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಆ ಬೇಸಿಗೆ ಅವಳು ಹೋದಳು. ಹತ್ತು ದಿನ ಎಂದು ಹೋದವಳು ಇನ್ನೂ ಇರುತ್ತೇನೆಂದು ಹಟ ಹಿಡಿದು ತಿಂಗಳಿದ್ದಳು. ಬಂದಾಗ ಮೈ ತುಂಬಿಕೊಂಡಿದ್ದಳು, ಮಾತಿನ ಕೊನೆಗೆ ತೆಲುಗಿನ ಎಳೆತ ಸೇರಿತ್ತು. ಪೆದ್ದಮ್ಮ ಜಡೆ ಹಾಕಿದರೆ ನೋವೇ ಆಗುವುದಿಲ್ಲ, ಪೆದ್ದಮ್ಮ ಬೈಯುವುದೇ ಇಲ್ಲ, ಪೆದ್ದಮ್ಮನ ಸಾರು ಹೀಗಿರುವುದಿಲ್ಲ. ನಾನು ಎಲ್ಲವನ್ನೂ ಕೇಳಿಸಿಕೊಂಡು ಬಡಿಸಿದೆ. ಮರುವರ್ಷವೂ ಕಳಿಸಿದೆ, ಅದರ ಮರುವರ್ಷವೂ. ಪ್ರತಿ ಸಲ ಅವಳನ್ನು ಬಸ್ಸು ಹತ್ತಿಸಿ ಬಂದ ಮಧ್ಯಾಹ್ನ ನನಗೆ ಅನ್ನ ಸೇರುತ್ತಿರಲಿಲ್ಲ.

ಮಗನೂ ದೊಡ್ಡವನಾಗುತ್ತಾ ತನ್ನ ಅಕ್ಕನ ಜೊತೆ ತಾನೂ ಮಾಲೂರಿಗೆ ಹೋಗುತ್ತೇನೆ ಎಂದು ಬೇಸಿಗೆ ಬಂದಾಗಲೆಲ್ಲ ಗೋಗರೆಯುತ್ತಿದ್ದ. ಅವನನ್ನು ಮಾತ್ರ ನಾನು ಕಳಿಸಲಿಲ್ಲ.